ಕೆನ್ನೆಯಲ್ಲಿ ಸಕ್ಕರೆ, ಹೊಟ್ಟೆಯ ಮೇಲೆ ಚುಕ್ಕೆ

"ಬಾಯಿ ಇನ್ನೂ ಸ್ವಲ್ಪ ತೆಗೀರಿ ಯಜಮಾನ್ರೇ. ಹಾಂ, ಹಾಗೇ ಇರಿ."

ಹತ್ತಿ ಸುತ್ತಿದ ಕಡ್ಡಿಯನ್ನು ಊರಿಗೆಲ್ಲ ಗಡಿಯಾರ ರಿಪೇರಿ ಮಾಡಿದ ಗಡಿಯಾರದಜ್ಜನ ಬಲಗೆನ್ನೆಯ ಒಳಸಂದಿಗೆ ಹಾಯಿಸಿ ಹೊರಗೆ ತೆಗೆದೆ. ತುದಿಯಲ್ಲಿ ಏನೋ ಹೊಳೆಯಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಬೆರಳಲ್ಲಿ ತಿಕ್ಕಿ ನೋಡಿದೆ. ಅಂಟಂಟು, ಹರಳು ಹರಳು.

"ಪುಟ್ಟ, ಇಲ್ಲಿ ಬಾ. ಇದು ಸಕ್ಕರೆ."

ಮಂಚದ ಕಾಲುದೆಸೆಯಲ್ಲಿ ನಿಂತಿದ್ದ ನನ್ನ ತಮ್ಮ ಮುಖ ಹುಳ್ಳಗೆ ಮಾಡಿದ. ಠಾಣೆಯಲ್ಲಿ ಅವನ ಹೆಸರು ಕೇಳಿದರೆ ಗಡಗಡ ನಡುಗುತ್ತಾರಂತೆ. ನನಗೆ ಮಾತ್ರ ಅವನು ಇಂದಿಗೂ ಪುಟ್ಟನೇ.

"ಅಕ್ಕ, ನೀನು ಹಲ್ಲುಜ್ಜೋದು ಮುಗಿಸು. ಮಧ್ಯಾಹ್ನ ಆ ಹುಡುಗೀನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು ನಾನು."

ಆ ಹುಡುಗಿ ಎಂದರೆ ಗುಬ್ಬಿ, ನನ್ನ ಕೈಯಲ್ಲಿ ಪಳಗಿದ ನರ್ಸು. ಸಕ್ಕರೆ ಕಾಯಿಲೆಯೇ ಇಲ್ಲದ ಅಜ್ಜನಿಗೆ ಯಾರೋ ಮನೆಯಲ್ಲಿ ಕದ್ದು ಇನ್ಸುಲಿನ್ ಚುಚ್ಚುತ್ತಿದ್ದಾರೆಂದು ರಕ್ತಪರೀಕ್ಷೆ ಹೇಳಿತ್ತು. ಅಜ್ಜನ ಆರೈಕೆಗೆ ಹೋಗುತ್ತಿದ್ದ ಗುಬ್ಬಿಯ ಚೀಲದಲ್ಲಿ ಇನ್ಸುಲಿನ್ನಿನ ಖಾಲಿ ಸೀಸೆ ಸಿಕ್ಕಿತ್ತು. ಅವಳು ಒಮ್ಮೆ ಕಟಕಟೆ ಹತ್ತಿದರೆ, ಆಮೇಲೆ ಖುಲಾಸೆಯಾದರೂ, ಯಾವ ಆಸ್ಪತ್ರೆಯೂ ಅವಳ ಕೈಗೆ ಸಿರಿಂಜು ಕೊಡುವುದಿಲ್ಲ.

"ಅಜ್ಜನಿಗೆ ಬಲಭಾಗ ಬಿದ್ದುಹೋಗಿದೆ. ಆ ಕೆನ್ನೆಯೊಳಗೆ ಏನು ಕೂತರೂ ಅವ್ರಿಗೆ ಗೊತ್ತಾಗಲ್ಲ, ಅದಕ್ಕೇ ಅಲ್ಲಿ ಉಳ್ಕೊಂಡಿದೆ," ಎಂದೆ. "ಬಾಯಿಗೆ ಏನೂ ಕೊಡಬೇಡಿ ಅಂತ ತಲೆ ಹತ್ರ ಬೋರ್ಡು ಹಾಕಿದೀನಿ. ಆದ್ರೂ ಕೊಟ್ಟಿದಾರೆ. ಇನ್ನೂ ಕರಗಿಲ್ಲ ಅಂದ್ರೆ ಇವತ್ತು ಬೆಳಿಗ್ಗೆ ಕೊಟ್ಟಿದಾರೆ. ಯಾಕೆ ಕೊಟ್ರು?"

"ಪ್ರೀತಿಗೆ."

"ಪ್ರೀತಿಗಾದ್ರೆ ಯಾರಾದ್ರೂ ಹಣ್ಣು ತರ್ತಾರೆ. ಬರೀ ಸಕ್ಕರೆ ಯಾಕೆ? ರಕ್ತದಲ್ಲಿ ಸಕ್ಕರೆ ಇಳಿಯುತ್ತೆ ಅಂತ ಮೊದಲೇ ಗೊತ್ತಿರೋರು ಕೊಟ್ಟಿದಾರೆ. ಪುಟ್ಟ, ಇಲ್ಲಿ ಎರಡು ಕೈ ಕೆಲಸ ಮಾಡ್ತಿದೆ. ಒಂದು ಕೊಲ್ತಿದೆ, ಒಂದು ಉಳಿಸ್ತಿದೆ."

ತಮ್ಮ ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದ. ನನಗೆ ಅಷ್ಟೇ ಬೇಕಿತ್ತು.

ಅಜ್ಜನನ್ನು ಕೇಳಿ ಪ್ರಯೋಜನವಿರಲಿಲ್ಲ. ಪಾರ್ಶ್ವವಾಯು ಬಡಿದಾಗ ಬಲಗೈಯ ಜೊತೆ ಮಾತೂ ಹೋಗಿತ್ತು. ತಮ್ಮ ನಿನ್ನೆ ವಿಚಾರಣೆಗೆ ಕೂತು, ಸೊಸೆ ಕೊಟ್ಟಳೇ ಎಂದರೂ ಹೂಂ, ಮಗ ಕೊಟ್ಟನೇ ಎಂದರೂ ಹೂಂ, ನಾನು ಕೊಟ್ಟೆನೇ ಎಂದರೂ ಹೂಂ ಎನ್ನಿಸಿಕೊಂಡು ಎದ್ದು ಬಂದಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಪರಿಚಿತ ಚಪ್ಪಲಿಯ ಸದ್ದಾಯಿತು.

"ಏನಮ್ಮ ಮೆಣಸಿನಕಾಯಿ, ಯಾರ ಮೇಲೆ ಹಾರಾಡ್ತಿದೀಯ?"

ದೊಡ್ಡ ಸಿಸ್ಟರ್. ನನಗೆ ಈ ಅಡ್ಡಹೆಸರಿಟ್ಟವರೂ ಅವರೇ, ನನಗೆ ರೋಗಿಯನ್ನು ನೋಡುವ ಕಣ್ಣು ಕೊಟ್ಟವರೂ ಅವರೇ. ನಿವೃತ್ತರಾದರೂ ಬೆಳಗಾದರೆ ಆಸ್ಪತ್ರೆಗೆ ಬಂದು, ಕೈಲಾಗದವರಿಗೆ ಊಟ ಮಾಡಿಸಿ, ಕಣ್ಣು ಕಾಣದವರಿಗೆ ಪತ್ರಿಕೆ ಓದಿ ಹೋಗುತ್ತಾರೆ. ಅವರನ್ನು ಕಂಡರೆ ವೈದ್ಯರೂ ಎದ್ದು ನಿಲ್ಲುತ್ತಾರೆ. ಬಾಗಿಲ ಹೊರಗೆ ನಿಂತಿದ್ದ ಪೇದೆ ಆಗಲೇ ಸಲಾಮು ಹೊಡೆದಾಗಿತ್ತು.

"ಗುಬ್ಬಿಯನ್ನ ಬಿಡ್ತಾರಂತಾ?" ದೊಡ್ಡ ಸಿಸ್ಟರ್ ಅಜ್ಜನ ಹಣೆ ಸವರುತ್ತ ಕೇಳಿದರು. "ಪಾಪ, ಇವ್ರ ಮನೆ ನಮ್ಮನೆ ಹಿಂದಿನ ಬೀದಿಯಲ್ಲೇ. ನಾನೇ ಹೇಳಿ ಅವಳನ್ನ ಸೇರಿಸಿದ್ದೆ."

"ಬಿಡಿಸ್ತೀನಿ ಸಿಸ್ಟರ್. ನೀವು ಚಿಂತೆ ಮಾಡ್ಬೇಡಿ."

ಅಜ್ಜನ ಎಡಗೈ ಹೊದಿಕೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿತ್ತು. ಬಾಯಿಗೆ ಕಡ್ಡಿ ಹಾಕಿದ್ದಕ್ಕೆ ಸಿಟ್ಟಿರಬೇಕೆಂದು ನಾನು ಹೊದಿಕೆಯನ್ನು ಎದೆಯವರೆಗೆ ಎಳೆದು ಮುಚ್ಚಿದೆ. ದೊಡ್ಡ ಸಿಸ್ಟರ್ ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದಿನ ಕೋಣೆಗೆ ಹೊರಟರು.

"ಬಾಗಿಲು ಹಾಕು," ಎಂದೆ ತಮ್ಮನಿಗೆ. "ಈಗ ಹೊಟ್ಟೆ ನೋಡ್ತೀನಿ."

"ನಿನ್ನೆ ಡಾಕ್ಟರು ನೋಡಿದ್ರಲ್ಲ?"

"ಚುಚ್ಚಿದ ಗುರುತಿದೆ ಅಂತ ಅವ್ರು ನೋಡಿದ್ರು. ಯಾರ ಕೈ ಅಂತ ನಾನು ನೋಡ್ತೀನಿ."

ಟಾರ್ಚನ್ನು ಮೇಲಿನಿಂದ ಬಿಡಬಾರದು, ಚರ್ಮಕ್ಕೆ ಓರೆಯಾಗಿ ಬಿಡಬೇಕು. ಹಾಗೆ ಬಿಟ್ಟಾಗ ಹೊಕ್ಕುಳಿನ ಆಚೀಚೆ ಸಣ್ಣ ಸಣ್ಣ ಚುಕ್ಕೆಗಳು ಎದ್ದು ಕಂಡವು. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಹಸಿರು, ಕೆಲವು ನೀಲಿ. ಒಂದು ಮಾತ್ರ ಇನ್ನೂ ಕೆಂಪಗಿತ್ತು. ಹಳದಿ ಹಳೆಯದು, ಕೆಂಪು ಹೊಸದು. ಬಣ್ಣ ಹಿಡಿದು ಹೋದರೆ ಯಾವುದಾದ ಮೇಲೆ ಯಾವುದು ಎಂದು ಚರ್ಮವೇ ಹೇಳುತ್ತದೆ.

ನಾನು ಬೆರಳಿಟ್ಟು ಹಳದಿಯಿಂದ ಕೆಂಪಿನವರೆಗೆ ಬಂದೆ. ಮೇಲಿನ ಸಾಲು ಅಜ್ಜನ ಎಡದಿಂದ ಬಲಕ್ಕೆ ಹೋಗಿತ್ತು. ಅಲ್ಲಿ ಒಂದು ಬೆರಳು ಕೆಳಗಿಳಿದು, ಬಲದಿಂದ ಎಡಕ್ಕೆ ತಿರುಗಿ ಬಂದಿತ್ತು. ಗದ್ದೆಯ ಅಂಚಿನಲ್ಲಿ ನೇಗಿಲು ತಿರುಗಿಸಿದ ಹಾಗೆ. ಒಂದರಿಂದ ಒಂದಕ್ಕೆ ಅಂತರ ಅಳೆದಿಟ್ಟಂತಿತ್ತು.

ನಾನು ಟಾರ್ಚು ಆರಿಸಿದೆ.

"ಒಂದೇ ಜಾಗಕ್ಕೆ ದಿನಾ ಚುಚ್ಚಿದ್ರೆ ಗಂಟು ಕಟ್ಟುತ್ತೆ ಪುಟ್ಟ. ಅದಕ್ಕೇ ಜಾಗ ಬದಲಾಯಿಸ್ತಾ ಹೋಗ್ಬೇಕು ಅಂತ ನಾವು ನರ್ಸುಗಳಿಗೆ ಕಲಿಸ್ತೀವಿ. ಇದು ಕಲಿತ ಕೈ."

"ಕೊಲ್ಲೋಕೆ ಚುಚ್ಚೋರು ಗಂಟು ಕಟ್ಟುತ್ತೆ ಅಂತ ಯೋಚನೆ ಮಾಡ್ತಾರಾ?"

"ಯೋಚನೆ ಮಾಡಲ್ಲ. ಕೈ ತಾನಾಗೇ ಹೋಗುತ್ತೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಕಲಿತ ಗುಣಾನೂ ಹಾಗೇ."

"ಹಾಗಾದ್ರೆ ಆಯ್ತಲ್ಲ," ಎಂದ ತಮ್ಮ, ಗೆದ್ದ ಧ್ವನಿಯಲ್ಲಿ. "ಆ ಮನೆಯಲ್ಲಿ ಕಲಿತ ಕೈ ಅಂದ್ರೆ ಗುಬ್ಬೀದೊಂದೇ. ಅಕ್ಕ, ನೀನೇ ಅವಳ ಕತ್ತಿಗೆ ಹಗ್ಗ ಹಾಕಿದೆ."

"ಅವಸರದವನ ಬುದ್ಧಿ ಮೊಣಕಾಲ ಕೆಳಗೆ. ಪೂರ್ತಿ ಕೇಳು. ಗುಬ್ಬಿಗೆ ಕಲಿಸಿದ್ದು ನಾನು. ನಾನು ಕಲಿಸೋದು ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗಿದ ಹಾಗೆ ಸುತ್ತು ಬನ್ನಿ ಅಂತ. ನನ್ನ ಕೈಕೆಳಗೆ ಕಲಿತ ಒಬ್ಬಳೂ ಹೀಗೆ ಸಾಲು ಹಿಡಿದು ಹೋಗಿ ಬರಲ್ಲ. ಇದು ಹಳೇ ಪದ್ಧತಿ. ನಾನು ಓದುವಾಗ ಹೀಗಿತ್ತು. ನಾನು ಪಾಠ ಮಾಡೋಕೆ ಬಂದ ಮೇಲೆ ಬದಲಾಯಿಸಿದೆ."

"ಹಾಗಾದ್ರೆ ನಿನ್ನ ಕಾಲದಲ್ಲಿ ಕಲಿತೋರು ಅಂತೀಯಾ?"

"ಹೂಂ."

"ಅವ್ರೆಲ್ಲ ಎಲ್ಲಿದಾರೆ?"

"ದಿಕ್ಕಿಗೊಬ್ಬರು. ನಾನಾದ್ರೂ ಯಾರ್ಯಾರನ್ನ ಅಂತ ನೆನಪಿಸ್ಕೊಳ್ಳಲಿ?"

ತಮ್ಮ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೊಟ್ಟೆ ಮೇಲಿನ ರಂಗೋಲಿ ತೋರ್ಸಿ ನ್ಯಾಯಾಧೀಶರಿಗೆ ಏನು ಹೇಳಲಿ ಅಕ್ಕ? ನಗ್ತಾರೆ."

ನಾನು ಕೆಂಪು ಚುಕ್ಕೆಯ ಎಡಕ್ಕೆ, ಒಂದು ಬೆರಳು ದೂರದಲ್ಲಿ, ಚುಕ್ಕೆಯಿಲ್ಲದ ಜಾಗ ತೋರಿಸಿದೆ. "ಇಲ್ಲಿ ನೋಡಿಟ್ಕೊ. ಮುಂದಿನದು ಬಿದ್ರೆ ಇಲ್ಲೇ ಬೀಳುತ್ತೆ. ಬೀಳೋಕೆ ಬಿಡಬಾರದು. ನಿನ್ನ ಪೇದೆಗೆ ಹೇಳು, ಒಂದು ನೊಣ ಕೂಡ ಒಳಗೆ ಬರಬಾರದು."

ಬಾಗಿಲು ತೆರೆದ ಕೂಡಲೇ ನೊಣದ ಬದಲು ಸೊಸೆ ಬಂದಳು.

ಅಜ್ಜನ ಸೊಸೆ ತೆಳ್ಳಗಿನ, ಮೆಲುದನಿಯ ಹೆಂಗಸು. ಅವಳ ಗಂಡ ಹೊರಗೆ ಫೋನಿನಲ್ಲಿ ಯಾರಿಗೋ ಬಯ್ಯುತ್ತಿದ್ದದ್ದು ಗೋಡೆ ದಾಟಿ ಕೇಳುತ್ತಿತ್ತು. ಅಪ್ಪನನ್ನು ಇವತ್ತೇ ಮನೆಗೆ ಕರೆದೊಯ್ಯುತ್ತೇನೆಂದು ಅವನ ಹಟ.

"ಬಾಮ್ಮ, ಸ್ವಲ್ಪ ಕೈ ಕೊಡು, ಮಾವನವರನ್ನ ಮಗ್ಗುಲು ಬದಲಾಯಿಸೋಣ," ಎಂದೆ.

"ಅಯ್ಯೋ ಸಿಸ್ಟರ್, ನನಗೆ ಇದೆಲ್ಲ ಬರಲ್ಲ. ಜ್ವರದ ಕಡ್ಡಿ ನೋಡೋಕೂ ಬರಲ್ಲ ನನಗೆ."

ಸರಿ ಎಂದು ನಾನೊಬ್ಬಳೇ ಅಜ್ಜನ ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟ ಹಿಡಿದು ನನ್ನ ಕಡೆಗೆ ಹೊರಳಿಸಿದೆ. ಹೊರಳಿಸುತ್ತಲೇ ಅಜ್ಜನಿಗೆ ಕೆಮ್ಮು ಬಂತು. ಬಿಡದ ಕೆಮ್ಮು. ಮುಖ ಕೆಂಪೇರಿ, ಕಣ್ಣು ಮೇಲಾಯಿತು. ನಾನು ತಲೆಯನ್ನು ಓರೆ ಮಾಡಿ ಗಂಟಲು ಸರಿಮಾಡುವಷ್ಟರಲ್ಲಿ ಸೊಸೆ ಮಂಚದ ಆ ಬದಿಗೆ ಬಂದಿದ್ದಳು.

ಅವಳ ಮೂರು ಬೆರಳು ಅಜ್ಜನ ಮಣಿಕಟ್ಟಿನ ಮೇಲೆ ಕೂತಿದ್ದವು.

ಹೆಬ್ಬೆರಳಲ್ಲ, ಮೂರು ಬೆರಳು. ಏನೂ ಗೊತ್ತಿಲ್ಲದವರು ನಾಡಿ ನೋಡಲು ಹೆಬ್ಬೆರಳನ್ನೇ ಒತ್ತುತ್ತಾರೆ, ತಮ್ಮದೇ ನಾಡಿ ಎಣಿಸುತ್ತಾರೆ. ಅದಾದರೂ ಸಿನಿಮಾ ನೋಡಿ ಕಲಿತದ್ದು ಎನ್ನಬಹುದಿತ್ತು. ಕೆಮ್ಮು ನಿಂತಿತು, ನಾಡಿ ಎಣಿಸಿಯೂ ಆಗಿರಬೇಕು, ಆದರೆ ಅವಳ ಬೆರಳು ಕದಲಲಿಲ್ಲ. ಕಣ್ಣು ಮಾತ್ರ ಮಣಿಕಟ್ಟು ಬಿಟ್ಟು ಅಜ್ಜನ ಎದೆಯ ಮೇಲೆ ನಿಂತಿತ್ತು.

ಉಸಿರು ಎಣಿಸುತ್ತೇವೆಂದು ಗೊತ್ತಾದರೆ ಮನುಷ್ಯ ಉಸಿರಾಟವನ್ನೇ ಬದಲಾಯಿಸುತ್ತಾನೆ. ಅದಕ್ಕೆ ನಾಡಿ ಹಿಡಿದ ನೆವದಲ್ಲೇ ಕಳ್ಳತನದಿಂದ ಉಸಿರು ಎಣಿಸಬೇಕು. ಇದನ್ನು ದೊಡ್ಡ ಸಿಸ್ಟರ್ ನಮಗೆ ಮೊದಲ ವಾರವೇ ಕಲಿಸಿದ್ದರು. ನರ್ಸಿಂಗ್ ಓದದವರಿಗೆ ಇದು ಹೊಳೆಯುವುದೇ ಇಲ್ಲ.

ನಾನು ತಮ್ಮನ ಕಡೆ ನೋಡಿದೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ನನ್ನ ಮುಖ ಅವನಿಗೆ ಚಿಕ್ಕಂದಿನಿಂದ ಗೊತ್ತು.

"ಬಾಮ್ಮ," ಎಂದೆ ಸೊಸೆಗೆ, "ಮಾವನವರಿಗೆ ಒಗೆದ ಹೊದಿಕೆ ಕೊಡ್ತೀನಿ."

ಬಟ್ಟೆ ಇಡುವ ಕೋಣೆಯಲ್ಲಿ ಮೂವರು ನಿಂತರೆ ಗಾಳಿ ಆಡುವುದಿಲ್ಲ. ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನಾನು ಸುತ್ತುಬಳಸಲಿಲ್ಲ.

"ಎಷ್ಟು ಬಂತು ಉಸಿರು?"

ಸೊಸೆಯ ಮುಖ ಬಿಳುಚಿಕೊಂಡಿತು. "ಏನು ಸಿಸ್ಟರ್?"

"ನಾಡಿ ಹಿಡ್ಕೊಂಡು ಉಸಿರು ಎಣಿಸಿದೆಯಲ್ಲ. ಎಷ್ಟು ಬಂತು?"

ಅವಳು ಗೋಡೆಗೊರಗಿದಳು. ಆಮೇಲೆ ಅಳು ಬರುತ್ತದೆಂದುಕೊಂಡರೆ, ವಿಚಿತ್ರವಾದ ನಗು ಬಂತು.

"ಒಂದು ವರ್ಷ ಓದಿದೆ ಸಿಸ್ಟರ್, ಬೇರೆ ಊರಲ್ಲಿ. ಮದುವೆ ಆಯ್ತು, ಬಿಟ್ಟೆ. ಈ ಮನೆಯಲ್ಲಿ ಹೇಳ್ಲಿಲ್ಲ. ಹೇಳಿದ್ದಿದ್ರೆ ಇಡೀ ಬಳಗದ ಬಿಪಿ ನಾನೇ ನೋಡ್ಬೇಕಾಗ್ತಿತ್ತು."

ಬೇರೆ ಹೊತ್ತಾಗಿದ್ದರೆ ನಾನೂ ನಗುತ್ತಿದ್ದೆ. ನನ್ನ ಬಳಗದ ಬಿಪಿ ನೋಡಿ ನೋಡಿ ನನ್ನ ಬಿಪಿ ಏರಿದೆ.

"ಇಂಜೆಕ್ಷನ್ ಕೊಡೋಕೆ ಬರುತ್ತಾ?" ತಮ್ಮ ಕೇಳಿದ.

"ಅಲ್ಲೀವರೆಗೆ ಓದ್ಲಿಲ್ಲ."

"ಸಕ್ಕರೆ ತಿನ್ನಿಸೋಕೆ ಬರುತ್ತೆ," ಎಂದೆ ನಾನು.

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಕೈಚೀಲ ಬಿಚ್ಚಿ, ಮಡಿಸಿದ ಕರವಸ್ತ್ರ ತೆಗೆದು, ನನ್ನ ಅಂಗೈಮೇಲೆ ಇಟ್ಟಳು. ಒಳಗೆ ಸಕ್ಕರೆ ಇತ್ತು.

"ಒಂದು ಸಲ ಮಧ್ಯಾಹ್ನ ಮಾವನ ಕೋಣೆಗೆ ಹೋದೆ. ಮೈ ತಣ್ಣಗೆ, ಅಂಗಿ ಬೆನ್ನೆಲ್ಲ ಒದ್ದೆ, ಕೈ ನಡುಗ್ತಿತ್ತು. ಎಲ್ಲೋ ಓದಿದ್ದು ನೆನಪಾಯ್ತು. ಕೆನ್ನೆಗೆ ಸಕ್ಕರೆ ಹಚ್ಚಿದೆ, ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ರು. ಆಮೇಲೆ ಮತ್ತೆ ಮತ್ತೆ ಹಾಗಾಯ್ತು. ಅವತ್ತಿಂದ ಸಕ್ಕರೆ ಇಟ್ಕೊಂಡೇ ಓಡಾಡ್ತೀನಿ. ಇವತ್ತು ಬೆಳಿಗ್ಗೆ ಗ್ಲೂಕೋಸ್ ಬಾಟಲಿ ತೆಗೆದಿದ್ದು ನೋಡಿ ಹೆದ್ರಿ ಮತ್ತೆ ಹಚ್ಚಿದೆ."

"ಎಚ್ಚರ ಇಲ್ಲದೋರ ಬಾಯಿಗೆ ಏನೂ ಹಾಕ್ಬಾರ್ದು, ಶ್ವಾಸನಾಳಕ್ಕೆ ಹೋದ್ರೆ ಪ್ರಾಣಕ್ಕೆ ಬರುತ್ತೆ ಅಂತ ಮೊದಲ ವರ್ಷದಲ್ಲಿ ಹೇಳಲಿಲ್ವಾ?" ಎಂದು ಗದರಿದೆ. ಗದರುತ್ತಲೇ ಅವಳ ಕೈ ಹಿಡಿದುಕೊಂಡಿದ್ದೆ. ಅಜ್ಜ ಇಷ್ಟು ದಿನ ಬದುಕಿದ್ದು ಈ ಮುಷ್ಟಿ ಸಕ್ಕರೆಯಿಂದ.

"ಯಾರಿಗೂ ಯಾಕೆ ಹೇಳ್ಲಿಲ್ಲ ನೀವು?" ತಮ್ಮನ ಧ್ವನಿ ಗಡುಸಾಯಿತು. "ಒಂದು ಹುಡುಗಿ ಲಾಕಪ್ಪಲ್ಲಿದಾಳೆ."

ಸೊಸೆ ತಲೆ ತಗ್ಗಿಸಿದಳು. "ನಮ್ಮನೆಯವ್ರೇ ಇರ್ಬಹುದು ಅಂತ ಹೆದ್ರಿದೆ ಸಾರ್. ಸುಳ್ಳಾಗ್ಲಿ ಅಂತ ದಿನಾ ಬೇಡ್ಕೊಂಡೆ."

ಹೊರಗೆ ಗಂಡನ ಫೋನಿನ ಬೈಗುಳ ಇನ್ನೂ ನಡೆದಿತ್ತು. ಅಷ್ಟು ಹೊತ್ತೂ ಅವನು ಅಲ್ಲೇ ನಿಂತು ಬಯ್ಯುತ್ತಿದ್ದ. ಆ ಧ್ವನಿ ಎಂಥ ಸಾಕ್ಷಿಯಾಗಲಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ.

"ಮಾವನಿಗೆ ಹಾಗಾಗ್ತಿದ್ದದ್ದು ಯಾವಾಗ? ಗುಬ್ಬಿ ಇದ್ದಾಗಲಾ?"

"ಇಲ್ಲ ಸಿಸ್ಟರ್. ಗುಬ್ಬಿ ರಜೆ ಹಾಕಿದ ದಿನಾನೇ. ಪ್ರತಿ ಸಲ."

ತಮ್ಮ ನೆಟ್ಟಗೆ ನಿಂತ. ನಾನು ಅವಳ ಹತ್ತಿರ ಸರಿದು ಕೇಳಿದೆ, "ಆ ದಿನ ಮನೆಗೆ ಹೊರಗಿನವರು ಯಾರು ಬರ್ತಿದ್ರು?"

ಸೊಸೆ ಯೋಚಿಸಿದಳು. ಪ್ರಾಮಾಣಿಕವಾಗಿಯೇ ಯೋಚಿಸಿದಳು.

"ಹೊರಗಿನವರಾ? ಯಾರೂ ಇಲ್ಲ ಸಿಸ್ಟರ್."

ತಮ್ಮ ಅವಳ ಹೇಳಿಕೆ ಬರೆದುಕೊಂಡು ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ನಾವು ಕೋಣೆಗೆ ವಾಪಸು ಬಂದೆವು. ಪೇದೆ ಬಾಗಿಲಲ್ಲೇ ಇದ್ದ. "ಒಂದು ನೊಣ ಕೂಡ ಹೋಗಿಲ್ಲ ಸಾರ್," ಎಂದ, ಕೇಳುವ ಮೊದಲೇ.

ಅಜ್ಜ ಮಲಗಿದ್ದರು. ಹಣೆಯ ಮೇಲೆ ಬೆವರಿನ ಸಣ್ಣ ಹನಿಗಳಿದ್ದವು. ಫ್ಯಾನು ಓಡುತ್ತಿತ್ತು.

ಅಂಗಿಯ ಬೆನ್ನಿಗೆ ಕೈ ಹಾಕಿದೆ. ಒದ್ದೆ. ಮೈ ತಣ್ಣಗೆ. "ಯಜಮಾನ್ರೇ," ಎಂದು ಭುಜ ತಟ್ಟಿದೆ. ರೆಪ್ಪೆ ಅರ್ಧ ತೆರೆದು ಮುಚ್ಚಿತು. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರಕ್ಕೆ ರಕ್ತದ ಹನಿ ಕೊಟ್ಟೆ. ಅದು ತೋರಿಸಿದ ಸಂಖ್ಯೆ ಪಾತಾಳಕ್ಕಿಳಿದಿತ್ತು.

ಬೆಳಿಗ್ಗೆಯಷ್ಟೇ ಬಾಟಲಿ ನಿಲ್ಲಿಸಿದ್ದೆವು, ಪುಣ್ಯಕ್ಕೆ ಕೈಯಲ್ಲಿ ಸೂಜಿ ಹಾಗೇ ಇತ್ತು. ಗ್ಲೂಕೋಸನ್ನು ನಿಧಾನವಾಗಿ ಏರಿಸಿದೆ. ಯಂತ್ರವನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಅಂಗಿ ಮೇಲೆತ್ತಿ ಟಾರ್ಚು ಬಿಟ್ಟೆ.

ಕೆಂಪು ಚುಕ್ಕೆಯ ಎಡಕ್ಕೆ, ಒಂದು ಬೆರಳು ದೂರದಲ್ಲಿ, ನಾನು ತೋರಿಸಿದ್ದ ಜಾಗದಲ್ಲೇ, ಸಾಸಿವೆಕಾಳಿನಷ್ಟು ರಕ್ತ ಕೂತಿತ್ತು. ಇನ್ನೂ ಕಪ್ಪಾಗಿರಲಿಲ್ಲ.

ತಮ್ಮ ಬಗ್ಗಿ ನೋಡಿದ. "ಗುಬ್ಬಿ ಠಾಣೆಯಲ್ಲಿದಾಳೆ," ಎಂದ. "ಸೊಸೆ ನಮ್ಮ ಜೊತೆ ಇದ್ಲು. ಮಗ ಹೊರಗೆ ಬಯ್ತಾನೇ ಇದ್ದ, ನನ್ನ ಕಿವಿಗೇ ಬೀಳ್ತಿತ್ತು."

"ಗುಬ್ಬಿ ಗೆದ್ಲು ಪುಟ್ಟ." ಅಜ್ಜನ ಅಂಗಿಯನ್ನು ಕೆಳಗೆಳೆದೆ. "ಕೋರ್ಟಿಗೆ ಹೋಗ್ಬೇಡಿ ಅಂತ ಠಾಣೆಗೆ ಹೇಳು. ಗೇಟು ಹಾಕಿಸು. ಚುಚ್ಚಿದೋರು ಇನ್ನೂ ಕಟ್ಟಡದಲ್ಲೇ ಇರ್ಬೇಕು."

ತಮ್ಮ ಪೇದೆಯನ್ನು ಎಳೆದುಕೊಂಡು ಓಡಿದ. ಡಾಕ್ಟರನ್ನು ಕರೆತರಲು ಸೊಸೆ ಇನ್ನೊಂದು ದಿಕ್ಕಿಗೆ ಓಡಿದಳು. ಅಜ್ಜನ ಉಸಿರು ಹದಕ್ಕೆ ಬರುತ್ತಿತ್ತು. ನಾನು ಕೂರೋಣವೆಂದು ಮಂಚದ ಪಕ್ಕದ ಕುರ್ಚಿ ಎಳೆದೆ.

ಕುರ್ಚಿಯ ಮೇಲೆ ಮಡಿಸಿದ ಪತ್ರಿಕೆ ಇತ್ತು.

ನಾವು ಹೊರಡುವಾಗ ಅದು ಇರಲಿಲ್ಲ. ಆ ಪತ್ರಿಕೆ ಕಂಕುಳಲ್ಲಿ ಕುಳಿತು ಈ ಕೋಣೆಯಿಂದ ಹೊರಗೆ ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಪೇದೆಯದ್ದು ಸುಳ್ಳಲ್ಲ, ನೊಣ ಬಂದಿರಲಿಲ್ಲ. ಸೊಸೆಯದೂ ಸುಳ್ಳಲ್ಲ, ಹೊರಗಿನವರು ಯಾರೂ ಆ ಮನೆಗೆ ಹೋಗುತ್ತಿರಲಿಲ್ಲ. ಹಿಂದಿನ ಬೀದಿಯ ಸಿಸ್ಟರನ್ನು ಹೊರಗಿನವರೆಂದು ಯಾರು ಎಣಿಸುತ್ತಾರೆ? ನಾನು ಬೆಳಗಿನಿಂದ ಹಳೇ ಪದ್ಧತಿ ಕಲಿತವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಿದ್ದೆ. ಕಲಿಸಿದವರನ್ನು ನೆನೆದಿರಲಿಲ್ಲ.

ಅಜ್ಜನ ಎಡಗೈ ಹೊದಿಕೆಯ ಕೆಳಗೆ ಮತ್ತೆ ಮುಷ್ಟಿ ಬಿಗಿಯಿತು.

ಹಿಂದಿನಿಂದ ಚಪ್ಪಲಿಯ ಸದ್ದು ಬಂತು.

"ಪೇಪರ್ ಮರ್ತು ಹೋಗಿದ್ದೆ," ಎಂದರು ದೊಡ್ಡ ಸಿಸ್ಟರ್. ಬಾಗಿಲನ್ನು ಮೆತ್ತಗೆ ಮುಚ್ಚಿ ಹತ್ತಿರ ಬಂದರು. "ಸಕ್ಕರೆ ಎಷ್ಟಕ್ಕೆ ಇಳಿದಿತ್ತು ಮಗಳೇ?"

ಇಳಿದಿತ್ತೆಂದು ನಾನು ಅವರಿಗೆ ಹೇಳಿರಲಿಲ್ಲ. ಯಂತ್ರ ನನ್ನ ಜೇಬಿನಲ್ಲಿತ್ತು.

"ಏನೂ ಇಲ್ಲ ಸಿಸ್ಟರ್," ಎಂದೆ. "ಚೆನ್ನಾಗಿದಾರೆ."

ಅವರು ನಕ್ಕರು, ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟಾಗ ನಗುತ್ತಿದ್ದ ಹಾಗೆಯೇ. "ಮಾತಿಲ್ಲ, ಕೈಯಿಲ್ಲ. ಇವ್ರಿಗೆ ಬೇಕಿರೋದು ಬಿಡುಗಡೆ ಮಗಳೇ," ಎನ್ನುತ್ತ ಪ್ರೀತಿಯಿಂದ ನನ್ನ ಕೈ ಹಿಡಿದುಕೊಂಡರು. ಅವರ ಇನ್ನೊಂದು ಕೈ ಚೀಲದೊಳಗಿತ್ತು.

ಮೂರು ಬೆರಳು ನನ್ನ ಮಣಿಕಟ್ಟಿನ ಮೇಲೆ ಕೂತವು. ಸ್ವಲ್ಪ ಹೊತ್ತಾದರೂ ಕದಲಲಿಲ್ಲ. ಅವರ ಕಣ್ಣು ನನ್ನ ಮುಖ ಬಿಟ್ಟು ಮೆಲ್ಲಗೆ ಕೆಳಗಿಳಿದು ನನ್ನ ಎದೆಯ ಮೇಲೆ ನಿಂತಿತು, ಮತ್ತು ನಾನು ಉಸಿರಾಡುವುದನ್ನೇ ಮರೆತೆ.